ಅಗೆದಾಗ ಸಿಕ್ಕ ಫಿರಂಗಿ ಗುಂಡಿಗೆ ಗ್ಯಾಸ್ ಕಟರ್ ಹಿಡಿಯಬೇಡಿ

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ನನ್ನದು ಗುಜರಿ ಅಂಗಡಿ. ಕೋಟೆಗೋಡೆಯ ಆಸುಪಾಸಿನಲ್ಲಿ ಬುನಾದಿಗೋ ಪೈಪಿಗೋ ನೆಲ ಅಗೆದಾಗ ಸಿಕ್ಕ ಲೋಹ ಕೊನೆಗೆ ನಮ್ಮಂಥವರ ತಕ್ಕಡಿಗೇ ಬರುತ್ತದೆ. ಬಹುಪಾಲು ಎತ್ತಿನ ಲಾಳ, ಸವೆದ ಕುಡ, ಮುರಿದ ಚಿಲಕ. ತಾಮ್ರದ ದುಡ್ಡು ಸಿಕ್ಕವರು ಹುಣಸೆಹಣ್ಣು ಹಾಕಿ ತಿಕ್ಕಿಕೊಂಡೇ ಬರುತ್ತಾರೆ. ಕಿಲುಬಿನ ಜೊತೆ ಅಕ್ಷರವೂ ಹೋಗಿರುತ್ತದೆ.

ಹೋದ ತಿಂಗಳು ಗೌಂಡಿಯೊಬ್ಬರು ಗೋಣಿಚೀಲದಲ್ಲಿ ಸುತ್ತಿ ತಂದದ್ದು ತೆಂಗಿನಕಾಯಿ ಗಾತ್ರದ ಗುಂಡು. ಆಯಸ್ಕಾಂತ ಕಚ್ಚಿತು. ಅಡ್ಡಳತೆ 12 ಸೆಂ.ಮೀ.; ಗಟ್ಟಿ ಬೀಡುಕಬ್ಬಿಣವಾಗಿದ್ದರೆ ಆರೂವರೆ ಕಿಲೊ ತೂಗಬೇಕಿತ್ತು, ತಕ್ಕಡಿ ತೋರಿಸಿದ್ದು ನಾಲ್ಕೂಕಾಲು. ಅಂದರೆ ಒಳಗೆ ಪೊಳ್ಳು. ಹೊರಳಿಸಿದರೆ ಒಂದು ಕಡೆ ಹೆಬ್ಬೆರಳಿನಗಲದ ತೂತು, ಮಣ್ಣು ತುಕ್ಕು ಕೂಡಿ ಮುಚ್ಚಿಕೊಂಡಿತ್ತು. ಸಿಡಿಮದ್ದು ತುಂಬಿ, ತೂತಿಗೆ ಬತ್ತಿ ಸಿಕ್ಕಿಸಿ ಹಾರಿಸುತ್ತಿದ್ದ ಗುಂಡುಗಳ ರಚನೆ ಇದೇ. ಔರಂಗಜೇಬನ ಸೈನ್ಯ ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿ 1686ರಲ್ಲಿ ಗೆದ್ದ ಊರಿನ ನೆಲದಲ್ಲಿ ಇಂಥದು ಸಿಕ್ಕರೆ ಆಶ್ಚರ್ಯವೇನು? ತಂದವರಿಗೆ ಮಾತ್ರ ಒಳಗೆ ಬಂಗಾರವಿದ್ದೀತೆಂಬ ಆಸೆ. ಕೊಯ್ದು ನೋಡೋಣ ಎಂದರು. ನಾನು ಕಟರ್ ಮುಟ್ಟಲಿಲ್ಲ. ಸಿಟ್ಟಾಗಿ ಚೀಲ ಎತ್ತಿಕೊಂಡು ಹೋದರು.

ಇಷ್ಟು ವರ್ಷದ ಮದ್ದಿಗೆ ಜೀವವೆಲ್ಲಿ ಎನ್ನುವವರಿದ್ದಾರೆ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಕೋಟೆಯಲ್ಲಿ 2018ರಲ್ಲಿ ಹಾಳುಬಾವಿ ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಮದ್ದಿನ ಪುಡಿ ಒಳಗೆ ಹಾಗೇ ಇತ್ತು. ಕರಿಮದ್ದು ನೆನೆದರೆ ಮಂಕಾಗುತ್ತದೆ, ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು. ಕಾಯಿಸುವುದು, ಕೊರೆಯುವುದು, ಸುತ್ತಿಗೆಯಿಂದ ಬಡಿಯುವುದು ಯಾವುದೂ ಬೇಡ. ತೂತಿರುವ ಗುಂಡು ಕಂಡರೆ ಕದಲಿಸದೆ ಪೊಲೀಸರಿಗೆ ತಿಳಿಸಿ.

ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಹೇಳಿದರೆ ಕೆಲಸ ನಿಲ್ಲಿಸುತ್ತಾರೆಂಬ ಅಂಜಿಕೆಯಿಂದ ಜನ ಗುಜರಿಯ ದಾರಿ ಹಿಡಿಯುತ್ತಾರೆ. ನನಗೆ ಗೊತ್ತಿರುವುದು ತೂಕ ಮತ್ತು ಲೋಹ, ಅಷ್ಟೇ. ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೊಂದು ದಿನವಾದರೂ, ಸಾರ್ವಜನಿಕರು ಮೊಬೈಲಿನಲ್ಲಿ ತಂದ ಚಿತ್ರ ನೋಡಿ ಇದು ಇಂಥದ್ದು ಎಂದು ಹೇಳಬಲ್ಲ ಒಬ್ಬ ತಜ್ಞರು ಕುಳಿತಿರಲಿ. ಕೋಟೆಯ ಒಳಗೆ ನೆಲ ಅಗೆಯುವ ಗುತ್ತಿಗೆದಾರರಿಗೆ ಕೊಡುವ ಆದೇಶದಲ್ಲೇ ಆ ತಜ್ಞರ ಫೋನ್ ಸಂಖ್ಯೆ ಅಚ್ಚಾಗಲಿ.

– ಗುಜರಿ ವ್ಯಾಪಾರಿ, ವಿಜಯಪುರ