ಸಾವಿನ ಮನೆಯಲ್ಲಿ ವಿಚಾರಣೆ ಬೇಡ

ಮಾನ್ಯ ಸಂಪಾದಕರೇ,

ಸಾವಿನ ಮನೆಗೆ ಬಂದ ನೆಂಟರ ಮೊದಲ ಪ್ರಶ್ನೆ ‘ಹೇಗಾಯ್ತು?’. ಎರಡನೆಯದು ‘ಆ ಆಸ್ಪತ್ರೆಗೆ ಯಾಕೆ ಸೇರಿಸಿದ್ರಿ? ನಮಗೊಂದು ಮಾತು ಹೇಳಬಾರದಿತ್ತಾ?’. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಬೆಳಗಿನಿಂದ ಅದೇ ವರದಿಯನ್ನು ಬಂದವರಿಗೆಲ್ಲ ಒಪ್ಪಿಸುತ್ತ ಕೂರಬೇಕು. ಅಷ್ಟರಲ್ಲಿ ಯಾರೋ ತೀರಿಕೊಂಡವರ ಮುಖವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಏರಿಸಿರುತ್ತಾರೆ. ‘ಅಪ್ಪನಿಗೆ ಹುಷಾರಿಲ್ಲ’ ಎಂದಷ್ಟೇ ತಿಳಿದು ಊರಿಗೆ ಹೊರಟ ಮಗಳು ಅದನ್ನು ಬಸ್ಸಿನಲ್ಲೇ ನೋಡುತ್ತಾಳೆ.

ಈ ಗಲಾಟೆಯಲ್ಲಿ ಆಗಬೇಕಾದ ಕೆಲಸಗಳೂ ಕೆಡುತ್ತವೆ. ನೇತ್ರದಾನವನ್ನೇ ನೋಡಿ. ಉಸಿರು ನಿಂತ 6 ಗಂಟೆಯೊಳಗೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಗೆಯಬೇಕು. ಹೆಂಡತಿ ಮಕ್ಕಳು ಒಪ್ಪಿದ್ದರೂ ‘ಮುಂದಿನ ಜನ್ಮಕ್ಕೆ ಕುರುಡಾಗ್ತಾರೆ’ ಎಂದು ಒಬ್ಬ ದೊಡ್ಡಪ್ಪ, ‘ಮುಖ ಕೆಡುತ್ತೆ’ ಎಂದು ಒಬ್ಬ ಸೋದರಮಾವ ಅಡ್ಡ ನಿಲ್ಲುತ್ತಾರೆ. ವಾದ ಮುಗಿಯುವಾಗ ಹೊತ್ತು ಮೀರಿರುತ್ತದೆ. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ, 20 ನಿಮಿಷದ ಕೆಲಸ, ರೆಪ್ಪೆ ಮುಚ್ಚಿದರೆ ವ್ಯತ್ಯಾಸವೇ ಕಾಣದು. ಪೊರೆಯ ಆಪರೇಷನ್ ಆದವರೂ, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಬ್ಯಾಂಕಿನವರು ಬರುವತನಕ ತೀರಿಕೊಂಡವರ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಆರಿಸಬೇಕು. ಗಾಳಿಗೆ ಕಾರ್ನಿಯಾ ಒಣಗುತ್ತದೆ. ನಮ್ಮವರು ಸೆಕೆಯೆಂದು ಫ್ಯಾನನ್ನು ಜೋರು ಮಾಡಿ ಅದರಡಿಯಲ್ಲೇ ಕೂರುತ್ತಾರೆ! ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟು ಹೋದ ನಾಡಿದು.

ಇನ್ನು ಕಾಗದಪತ್ರ. ಮನೆಯಲ್ಲೇ ತೀರಿಕೊಂಡಿದ್ದರೆ, ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪತ್ರ (ನಮೂನೆ 4ಎ) ಬರೆಸಿಕೊಳ್ಳಬೇಕು. ಚಿತಾಗಾರಕ್ಕೆ ಹೋದ ಮೇಲೆ ಇದು ನೆನಪಾದರೆ ಗಾಡಿ ಅಲ್ಲೇ ಕಾಯಬೇಕಾಗುತ್ತದೆ. ಅಲ್ಲಿನ ರಿಜಿಸ್ಟರಿನಲ್ಲಿ ಹೆಸರು ಬರೆಸುವವನು ಯಾರೋ ದೂರದ ನೆಂಟ. ಆಧಾರಿನಲ್ಲಿ ‘ಶ್ರೀನಿವಾಸಯ್ಯ’ ಇದ್ದವರನ್ನು ‘ಸೀನಪ್ಪ’ ಎಂದು ಬರೆಸಿಬಿಟ್ಟರೆ ಮರಣ ಪ್ರಮಾಣಪತ್ರವೂ ಪಾಸ್‌ಬುಕ್ಕೂ ತಾಳೆಯಾಗದೆ ಪಿಂಚಣಿ, ವಿಮೆ ಎಲ್ಲ ನಿಲ್ಲುತ್ತವೆ, ಅಫಿಡವಿಟ್ ಹಿಡಿದು ಅಲೆಯುವವಳು ಆ ಹೆಂಡತಿಯೇ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು.

ಪಾಲಿನ ಮಾತು ಅಂಗಳದಲ್ಲೇ ಶುರುವಾಗುವುದುಂಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ಅವರಿರುವಾಗ ಅಣ್ಣತಮ್ಮಂದಿರಿಗೆ ಅದರಲ್ಲಿ ಪಾಲೇ ಇಲ್ಲ. ಬಾಯಿ ಮುಚ್ಚಲು ಇಷ್ಟು ಸಾಲದೇ? ‘ಖರ್ಚಿಗೆ ಬೇಕು, ಎಟಿಎಂ ಪಿನ್ ಹೇಳು’ ಎನ್ನುವವರೂ ಇದ್ದಾರೆ. ಸತ್ತವರ ಖಾತೆಯಿಂದ ಹಾಗೆ ದುಡ್ಡು ತೆಗೆಯುವಂತಿಲ್ಲ. ಸದ್ಯಕ್ಕೆ ಕೈಯಿಂದ ಹಾಕಿ ಲೆಕ್ಕ ಬರೆದಿಡಿ.

ಬಳೆ ಒಡೆದು ಕುಂಕುಮ ಒರೆಸುವುದನ್ನು ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ 2022ರಲ್ಲೇ ಠರಾವು ಮಾಡಿ ಕೈಬಿಟ್ಟಿದೆ. ಇಲ್ಲಿ ಅದನ್ನು ಒತ್ತಾಯಿಸುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸರೇ ಎಂಬುದು ಬೇಸರದ ಸಂಗತಿ.

ಬಂದವರಲ್ಲಿ ಒಬ್ಬರು ಬಾಗಿಲಲ್ಲಿ ನಿಂತು ‘ಹೇಗಾಯ್ತು’ ಎಂಬುದಕ್ಕೆ ಉತ್ತರ ಹೇಳಲಿ, ಇನ್ನೊಬ್ಬರು ಆಧಾರ್ ಪ್ರತಿ ಹಿಡಿದು ಚಿತಾಗಾರಕ್ಕೆ ಹೋಗಲಿ. ಒಲೆ ಹೊತ್ತಿಸದ ಆ ಮನೆಗೆ ಪಕ್ಕದ ಮನೆಯಿಂದ ಗಂಜಿ ಬರಲಿ. ವಯಸ್ಸಾದ ಹೆಂಡತಿ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸ ಕೂತಿದ್ದರೆ ಮಧ್ಯಾಹ್ನದ ಹೊತ್ತಿಗೆ ರಕ್ತದ ಸಕ್ಕರೆ ಇಳಿದು, ಬೆವೆತು ತಲೆ ಸುತ್ತಬಹುದು. ‘ದುಃಖಕ್ಕೆ ಹೀಗಾಯ್ತು’ ಎಂದು ಸುಮ್ಮನೆ ಗಾಳಿ ಹಾಕಬೇಡಿ, ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ.

– ಓದುಗ, ತುಮಕೂರು