ನಮ್ಮ ಲೈಬ್ರರಿ ಬಾಗಿಲಿಗೂ ಒಂದು ನಕ್ಷತ್ರ ಕಟ್ಟೋಣ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಜಿಲ್ಲೆಯ ಒಂದು ಊರಿನ ಪೇಟೆ ಬೀದಿಯಲ್ಲಿ ಏಳು ವರ್ಷದ ಮೊಮ್ಮಗಳ ಜೊತೆ ಹೋಗುತ್ತಿದ್ದೆ. ಊರಿನ ಹೆಸರು ಬೇಡ, ಯಾರನ್ನೋ ದೂರಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ಫ್ಯಾನ್ಸಿ ಸ್ಟೋರ್ ಮುಂದೆ ಕೆಂಪು, ಹಳದಿ ಕಾಗದದ ನಕ್ಷತ್ರಗಳನ್ನು ಆಗಲೇ ನೇತುಹಾಕಿದ್ದರು. ಅವಳು ಒಂದೊಂದರ ಕೆಳಗೂ ನಿಂತು ಕತ್ತೆತ್ತಿ ನೋಡಿದಳು. "ತಾತಾ, ಇದರೊಳಗೆ ಬಲ್ಬ್ ಹೆಂಗೆ ಹಾಕ್ತಾರೆ?" ಅಂತ ಕೇಳಿದಳು. ನಾಲ್ಕು ಅಂಗಡಿ ದಾಟಿದರೆ ಲೈಬ್ರರಿ. ನಾವು ಹೊರಟಿದ್ದೇ ಅಲ್ಲಿಗೆ. ಮೆಟ್ಟಿಲ ಹತ್ತಿರ ಬಂದವಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಇದು ಆಫೀಸಾ? ಒಳಗೆ ಹೋದರೆ ಬೈತಾರಾ?" ಅಂದಳು.

ಅವಳ ತಪ್ಪೇನೂ ಇಲ್ಲ. ಬಾಗಿಲ ಮೇಲೆ ಬಣ್ಣ ಹೋದ ಬೋರ್ಡು. ಒಳಗೆ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೇಜಿನ ಮೇಲೆ ಸಹಿ ಹಾಕುವ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಪಿಡಿಒ ಪರೀಕ್ಷೆಗೆ, ಪೊಲೀಸ್ ಪರೀಕ್ಷೆಗೆ ಓದುವ ಹತ್ತು ಹನ್ನೆರಡು ಹುಡುಗರು ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು, ಅವರನ್ನು ನೋಡಿದರೆ ಸಂತೋಷವಾಗುತ್ತದೆ. ಮಕ್ಕಳ ಪುಸ್ತಕಗಳೂ ಇದ್ದವು. ಆದರೆ ಗಾಜಿನ ಬೀರುವಿನಲ್ಲಿ, ಬೀಗ ಹಾಕಿ ಇಟ್ಟಿದ್ದರು. ಅಲ್ಲಿನ ಮೇಡಂ ಒಳ್ಳೆಯವರು, ಕೇಳಿದ ತಕ್ಷಣ ಬೀಗ ತೆಗೆದು ಕೊಟ್ಟರು. ಆದರೆ ಕೇಳುವುದಕ್ಕಾದರೂ ಮಗು ಮೊದಲು ಒಳಗೆ ಬರಬೇಕು, ಅಲ್ವಾ?

ಡಿಸೆಂಬರ್ ಬಂದರೆ ಬೇರೆ ಬೇರೆ ದೇಶಗಳ ಲೈಬ್ರರಿಗಳು ಎಷ್ಟು ಚೆನ್ನಾಗಿ ಸಿಂಗಾರವಾಗುತ್ತವೆ ಅಂತ ಫೋಟೋಗಳಲ್ಲಿ ನೋಡುತ್ತಿರುತ್ತೇನೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮುಂದೆ ಅಮೃತಶಿಲೆಯ ಎರಡು ಸಿಂಹಗಳಿವೆ. ಕಟ್ಟಡ ತೆರೆದ 1911ರಿಂದ ಅಲ್ಲೇ ಕೂತಿವೆ. 1930ರ ದಶಕದಲ್ಲಿ ಜನ ಕೆಲಸವಿಲ್ಲದೆ ಕಷ್ಟಪಡುತ್ತಿದ್ದಾಗ ಅಲ್ಲಿನ ಮೇಯರ್ ಲಗಾರ್ಡಿಯಾ ಅವುಗಳಿಗೆ ಪೇಷನ್ಸ್, ಫಾರ್ಟಿಟ್ಯೂಡ್ ಅಂತ ಹೆಸರಿಟ್ಟರು, ಅಂದರೆ ತಾಳ್ಮೆ ಮತ್ತು ಗಟ್ಟಿ ಮನಸ್ಸು. ಕ್ರಿಸ್‌ಮಸ್ ಹೊತ್ತಿಗೆ ಎರಡರ ಕೊರಳಿಗೂ ಹಸಿರು ಎಲೆಗಳ ದೊಡ್ಡ ಹಾರ, ಅದಕ್ಕೆ ಕೆಂಪು ರಿಬ್ಬನ್. 2020ರಲ್ಲಿ ಕೊರೊನಾ ಬಂದಾಗ ಇದೇ ಸಿಂಹಗಳಿಗೆ ಮಾಸ್ಕ್ ಹಾಕಿದ್ದರು. ನನಗೆ ಹಿಡಿಸಿದ್ದು ಇದೇ. ಊರಿಗೆ ಹಬ್ಬ ಬಂದರೆ ಲೈಬ್ರರಿಗೂ ಹಬ್ಬ, ಊರಿಗೆ ಕಷ್ಟ ಬಂದರೆ ಅದೂ ಲೈಬ್ರರಿ ಮುಖದಲ್ಲಿ ಕಾಣುತ್ತದೆ.

ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, 1897ರ ಹಳೆ ಕಟ್ಟಡದ ದೊಡ್ಡ ಹಜಾರದಲ್ಲಿ, ಎತ್ತರದ ಕ್ರಿಸ್‌ಮಸ್ ಮರ ನಿಲ್ಲಿಸುತ್ತಾರೆ. ಅದಕ್ಕೆ ದುಡ್ಡು ಬೇಕು, ಜಾಗ ಬೇಕು. ನಮ್ಮಂಥ ಊರುಗಳಿಗೆ ಹೊಂದುವುದು ಇನ್ನೊಂದು ಬಗೆ, ಪುಸ್ತಕಗಳಿಂದಲೇ ಕಟ್ಟುವ ಮರ. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಗ್ಲೀಸನ್ ಲೈಬ್ರರಿಯವರು ಇಂಥ ಮರ ಕಟ್ಟಿ ಹೆಸರಾದರು. ಅಮೆರಿಕದ ಯಾವ ಲೈಬ್ರರಿಯಲ್ಲಿ ಯಾವ ಪುಸ್ತಕವಿದೆ ಅಂತ ಹೇಳುವ ಒಂದು ಭಾರಿ ಕ್ಯಾಟಲಾಗ್ ಇದೆ. ಒಟ್ಟು 754 ಸಂಪುಟ, ಎಲ್ಲಕ್ಕೂ ಹಸಿರು ರಟ್ಟು. ಕಂಪ್ಯೂಟರ್ ಬಂದ ಮೇಲೆ ಅದನ್ನು ತೆರೆಯುವವರು ಕಡಿಮೆಯಾದರು. ಆ ಹಸಿರು ಸಂಪುಟಗಳನ್ನೇ ಸುತ್ತಲೂ ಪೇರಿಸಿ, ಮೇಲೆ ಹೋದಂತೆ ಸುತ್ತು ಸಣ್ಣದು ಮಾಡಿ, ಬಲ್ಬಿನ ಸರ ಸುತ್ತಿದರು. ಮರ ರೆಡಿ!

ನಮ್ಮಲ್ಲೂ ಇದಕ್ಕೆ ಬೇಕಾದ್ದೆಲ್ಲ ಇದೆ. ಹಳೆ ಗೆಜೆಟಿಯರ್‌ಗಳು, ಬೈಂಡ್ ಮಾಡಿಸಿದ ಹಳೆ ವಾರಪತ್ರಿಕೆಗಳು, ಯಾರೂ ಮುಟ್ಟದ ವಿಶ್ವಕೋಶಗಳು ಮೇಲಿನ ಕಪಾಟಿನಲ್ಲಿ ದೂಳು ತಿನ್ನುತ್ತಿವೆ. ಕೆಳಗೆ ದಪ್ಪ ಪುಸ್ತಕ, ಮೇಲೆ ತೆಳು ಪುಸ್ತಕ, ಬೆನ್ನು ಹೊರಗೆ. ನಡುವೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟರೆ ಒಳಗೆ ಕುಸಿಯುವುದಿಲ್ಲ. ಅಂಟು ಬೇಡ, ಮೊಳೆ ಬೇಡ, ಒಂದು ಹಾಳೆಗೂ ಪೆಟ್ಟಾಗಬಾರದು. ಜನವರಿಯಲ್ಲಿ ದೂಳು ಒರೆಸಿ ಮತ್ತೆ ಕಪಾಟಿಗೆ ಇಟ್ಟರಾಯಿತು. ಯಾರಿಗೆ ಗೊತ್ತು, ಒರೆಸುವಾಗ ಯಾರಾದರೂ ಒಂದನ್ನು ತೆರೆದು ಓದಲೂಬಹುದು.

ಸಿಂಗಾರ ಮಾಡಿ ಸುಮ್ನೆ ಕೂರುವುದಿಲ್ಲ ಆ ದೇಶಗಳ ಲೈಬ್ರರಿಯವರು. ಅಮೆರಿಕದ ಎಷ್ಟೋ ಲೈಬ್ರರಿಗಳಲ್ಲಿ ಕ್ರಿಸ್‌ಮಸ್ ದಿನಗಳಲ್ಲಿ ಪುಸ್ತಕ ತಡವಾಗಿ ತಂದವರು ದಂಡದ ಬದಲು ಡಬ್ಬಿಯಲ್ಲಿ ಬರುವ ಆಹಾರ ಕೊಟ್ಟರೆ ಸಾಕು, ಅದು ಬಡವರ ಮನೆಗೆ ಹೋಗುತ್ತದೆ. ಕೆಲವು ಕಡೆ ಮಕ್ಕಳ ಪುಸ್ತಕಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ಇಡುತ್ತಾರೆ. ಒಳಗೆ ಯಾವ ಪುಸ್ತಕವಿದೆ ಅಂತ ಮನೆಗೆ ಹೋಗಿ ಬಿಚ್ಚಿದ ಮೇಲೇ ಗೊತ್ತಾಗುವುದು. ನಮ್ಮಲ್ಲಿ ದಂಡಕ್ಕೆ ಹೆದರಿ ಪುಸ್ತಕವನ್ನೇ ವಾಪಸ್ ತರದವರಿದ್ದಾರೆ. ಡಿಸೆಂಬರ್‌ನಲ್ಲಿ ಒಂದು ವಾರ ಅವರಿಂದ ದಂಡದ ಬದಲು ಒಂದು ಸೇರು ರಾಗಿ ತೆಗೆದುಕೊಂಡು ಯಾವುದಾದರೂ ಅನಾಥಾಶ್ರಮಕ್ಕೆ ಕೊಟ್ಟರೆ ಹೇಗಿರುತ್ತದೆ? ಐಸ್‌ಲ್ಯಾಂಡ್ ಅಂತ ಒಂದು ಪುಟ್ಟ ದೇಶವಿದೆ, ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬೇರೆ ಸಾಮಾನು ಸಿಗುವುದು ಕಷ್ಟವಾಗಿತ್ತು, ಕಾಗದ ಮಾತ್ರ ಸಿಗುತ್ತಿತ್ತು. ಹಾಗಾಗಿ ಕ್ರಿಸ್‌ಮಸ್‌ಗೆ ಪುಸ್ತಕ ಕೊಡುವ ರೂಢಿ ಬೆಳೆಯಿತು. 1944ರಿಂದ ಹೊಸ ಪುಸ್ತಕಗಳ ಪಟ್ಟಿ ಹಂಚುತ್ತಾ ಬಂದಿದ್ದಾರೆ. ಹಬ್ಬದ ಹಿಂದಿನ ರಾತ್ರಿ ಮನೆಮಂದಿ ಪುಸ್ತಕ ಬಿಚ್ಚಿ ಓದುತ್ತಾ ಕೂರುತ್ತಾರೆ.

ಕ್ರಿಸ್‌ಮಸ್ ಕ್ರೈಸ್ತರ ಹಬ್ಬ, ಸರ್ಕಾರಿ ಲೈಬ್ರರಿಯಲ್ಲಿ ಯಾಕೆ ಅಂತ ಕೆಲವರು ಕೇಳಬಹುದು. ಕೇಳಲಿ. ಆಯುಧಪೂಜೆಗೆ ಆಫೀಸುಗಳಲ್ಲಿ ಬಾಳೆಕಂದು ಕಟ್ಟಿ, ಜೀಪಿಗೆ ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತಾರೆ. ಎಲ್ಲ ಜಾತಿ ಧರ್ಮದ ನೌಕರರೂ ಮಂಡಕ್ಕಿ ತಿನ್ನುತ್ತಾರೆ. ಅದು ಚೆಂದ. ಹಾಗೆಯೇ ಇದೂ ಚೆಂದ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಎಲ್ಲರ ದುಡ್ಡಿನಿಂದ ನಡೆಯುವ ಮನೆಯಲ್ಲಿ ಎಲ್ಲರ ಹಬ್ಬವೂ ನಡೆಯಲಿ. ಯುಗಾದಿಗೆ ಮಾವಿನ ತೋರಣ ಕಟ್ಟಲಿ, ದಸರಾಕ್ಕೆ ಗೊಂಬೆ ಕೂರಿಸುವ ಹಾಗೆ ಮೆಟ್ಟಿಲಲ್ಲಿ ಪುಸ್ತಕ ಕೂರಿಸಲಿ, ರಂಜಾನ್‌ಗೆ ದೀಪ ಹಚ್ಚಲಿ. ಡಿವಿಜಿ ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲಿ, ಮಾಸ್ತಿಯವರು ನಮ್ಮ ಮಾಲೂರು ತಾಲ್ಲೂಕಿನವರು. ಅವರು ಹುಟ್ಟಿದ ಮಾರ್ಚ್ 17 ಮತ್ತು ಜೂನ್ 6 ಕೂಡ ಈ ಜಿಲ್ಲೆಯ ಲೈಬ್ರರಿಗಳಿಗೆ ಹಬ್ಬವೇ ಆಗಬೇಕು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಅಂತ ಒಂದು ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಬ್ಯಾನರ್ ಬಿಚ್ಚಿ ಸುತ್ತಿಡುವುದು ಸಾಲದು.

ಇಷ್ಟೆಲ್ಲ ಹೇಳುವುದಕ್ಕೆ ನನಗೊಂದು ಸ್ವಂತ ಕಾರಣವೂ ಇದೆ. ನಾನು ಬೆಳೆದದ್ದು ಕೆಜಿಎಫ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯಲ್ಲಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು. ಡಿಸೆಂಬರ್ ಚಳಿಯಲ್ಲಿ ಲೈನಿನ ಉದ್ದಕ್ಕೂ ಮನೆಮನೆಗೆ ನಕ್ಷತ್ರ. ಪಕ್ಕದ ಮನೆಯ ಆಂಟಿ ನಮಗೆ ಕಲ್‌ಕಲ್, ಕೇಕು ಕೊಡುತ್ತಿದ್ದರು, ಯುಗಾದಿಗೆ ನಮ್ಮಮ್ಮ ಅವರಿಗೆ ಒಬ್ಬಟ್ಟು ಕಳಿಸುತ್ತಿದ್ದಳು. ನಕ್ಷತ್ರ ಕಟ್ಟುವುದನ್ನು ನನಗೆ ಕಲಿಸಿದ್ದು ಆ ಆಂಟಿಯೇ. ಬಿದಿರು ದಬ್ಬೆಯಿಂದ ಐದು ಮೂಲೆಯ ಎರಡು ಚೌಕಟ್ಟು ಮಾಡಿ, ಒಂದರ ಮೇಲೊಂದು ಇಟ್ಟು, ಐದೂ ತುದಿಗಳನ್ನು ದಾರದಿಂದ ಬಿಗಿಯಬೇಕು. ಆಮೇಲೆ ಒಳಗಿನ ಐದು ಸಂದಿಗೆ ಗೇಣಿಗಿಂತ ಚಿಕ್ಕ ಕಡ್ಡಿಗಳನ್ನು ಅಡ್ಡ ಕೊಟ್ಟರೆ ಚೌಕಟ್ಟು ಉಬ್ಬಿ ನಿಲ್ಲುತ್ತದೆ. ಮೈದಾ ಅಂಟು ಕಾಯಿಸಿ ಬಣ್ಣದ ಕಾಗದ ಅಂಟಿಸಿ, ಮೇಲೆ ಒಂದು ಕಡೆ ಮಾತ್ರ ಬಿಟ್ಟುಕೊಳ್ಳಬೇಕು. ಬಲ್ಬ್ ಇಳಿಸುವುದು ಅಲ್ಲಿಂದಲೇ. 2001ರಲ್ಲಿ ಗಣಿ ಮುಚ್ಚಿತು, ಲೈನಿನವರು ಒಬ್ಬೊಬ್ಬರು ಒಂದೊಂದು ಊರು ಸೇರಿದರು. ನಕ್ಷತ್ರ ಕಟ್ಟುವ ಕೆಲಸ ಮಾತ್ರ ನನ್ನ ಬೆರಳುಗಳಿಗೆ ಇನ್ನೂ ನೆನಪಿದೆ.

ಗ್ರಂಥಾಲಯ ಇಲಾಖೆಯವರಿಗೆ, ಪಂಚಾಯ್ತಿಯ ಅರಿವು ಕೇಂದ್ರಗಳನ್ನು, ಅಂದರೆ ಹಳ್ಳಿ ಲೈಬ್ರರಿಗಳನ್ನು, ನೋಡಿಕೊಳ್ಳುವವರಿಗೆ ನಾನು ಕೇಳುವುದು ದುಡ್ಡಲ್ಲ, ಅನುಮತಿ. ಡಿಸೆಂಬರ್ 25 ಹೇಗೂ ರಜೆ. ಅದಕ್ಕೆ ಮುಂಚಿನ ಶನಿವಾರ ಭಾನುವಾರ ಒಂದೆರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ. ಪರೀಕ್ಷೆಗೆ ಓದುವವರಿಗೆ ತೊಂದರೆಯಾಗದ ಹಾಗೆ ವರಾಂಡದಲ್ಲೇ ಮಾಡುತ್ತೇವೆ. ಆ ಎರಡು ದಿನ ಮಕ್ಕಳ ಪುಸ್ತಕದ ಬೀರುವಿನ ಬೀಗ ತೆಗೆದಿಡಿ. ದಬ್ಬೆ, ಕಾಗದ, ಸೀರಿಯಲ್ ಸೆಟ್ ನಾನು ತರುತ್ತೇನೆ. ಬಲ್ಬ್ ಇಳಿಸುವ ಕೆಲಸ ತನ್ನದೇ ಅಂತ ಮೊಮ್ಮಗಳು ಆಗಲೇ ಹೇಳಿಟ್ಟಿದ್ದಾಳೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆ ಓದುಗ,
ಕೋಲಾರ ಜಿಲ್ಲೆ