ಗ್ರಿಡ್ ತರಬೇತಿ: ಜಾಬ್ ಯಾಕೆ ಓಡಲಿಲ್ಲ ಎಂಬುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಸೆಮಿಸ್ಟರ್ ರಜೆ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ಐದಾರು ದಿನಗಳ ತಾಂತ್ರಿಕ ತರಬೇತಿ ಶಿಬಿರಗಳು ಶುರುವಾಗುತ್ತವೆ. ವಿಷಯ ಗ್ರಿಡ್ ಕಂಪ್ಯೂಟಿಂಗ್ (ಹಲವರ ಕಂಪ್ಯೂಟರುಗಳನ್ನು ಜೋಡಿಸಿ ದೊಡ್ಡ ಲೆಕ್ಕವನ್ನು ಹಂಚಿ ಮಾಡಿಸುವುದು) ಆದರೆ ಬೆಂಗಳೂರಿನಿಂದಲೋ ಇನ್ನೂ ದೂರದಿಂದಲೋ ತಜ್ಞರನ್ನು ಕರೆಸುತ್ತಾರೆ. ಕರೆಸಲೇಬೇಕು. ಆದರೆ ಅಷ್ಟು ದಿನವೂ ಅವರಿಂದ ಬರೀ ಸ್ಲೈಡ್ ಪ್ರದರ್ಶನ ಮಾಡಿಸಿ ಕಳಿಸಿದರೆ ನಮ್ಮ ವಿದ್ಯಾರ್ಥಿಗಳಿಗೆ ದಕ್ಕುವುದು ಕಡಿಮೆ. ಗ್ರಿಡ್ ಎಂದರೇನು ಎಂಬುದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಕಳಿಸಿದ ಜಾಬ್ (ಗ್ರಿಡ್‌ಗೆ ಒಪ್ಪಿಸಿದ ಲೆಕ್ಕದ ಕೆಲಸ) ಯಾಕೆ ಓಡಲಿಲ್ಲ ಎಂದು ಪತ್ತೆ ಹಚ್ಚುವ ವಿದ್ಯೆ ಮಾತ್ರ ವರ್ಷಗಟ್ಟಲೆ ಗ್ರಿಡ್ ನಡೆಸಿದವರಿಂದಲೇ ಬರಬೇಕು.

ನಮ್ಮ ಕಡೆಯವರಿಗೆ ಗ್ರಿಡ್ ಅರ್ಥವಾಗಲು ಮುಯ್ಯಾಳು ನೆನೆದರೆ ಸಾಕು. ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕಂಪ್ಯೂಟರಿನ ಒಡೆತನ ಅವರವರದೇ, ಬಿಡುವಿದ್ದಾಗ ಇನ್ನೊಬ್ಬರ ಕೆಲಸ. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಹ್ಯಾಡ್ರಾನ್ ಕೊಲೈಡರ್‌ನಿಂದ ಬರುವ ದತ್ತಾಂಶವನ್ನು ಹಲವು ದೇಶಗಳ ಕೇಂದ್ರಗಳು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಹಂಚಿಕೊಂಡು ಸಂಸ್ಕರಿಸುತ್ತವೆ. ನಮ್ಮ ಸಂಶೋಧನಾ ಸಂಸ್ಥೆಗಳಾದ ಮುಂಬೈನ ಟಿಐಎಫ್‌ಆರ್, ಕೋಲ್ಕತ್ತದ ವಿಇಸಿಸಿ ಅದರಲ್ಲಿ ಸೇರಿವೆ. ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ನಮ್ಮ ದೇಶಕ್ಕೆಂದು ಕಟ್ಟಿದ್ದ ಗ್ರಿಡ್ ‘ಗರುಡ’. ಮುಯ್ಯಿಗೆ ಬಂದವರ ಮುಖ ಊರಿಗೆಲ್ಲ ಗೊತ್ತಿರುತ್ತದೆ. ಗ್ರಿಡ್‌ನಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ಗುರುತಿನ ಚೀಟಿಯಂಥ ಡಿಜಿಟಲ್ ಸರ್ಟಿಫಿಕೇಟು, ಟೋಕನ್ನು ಬೇಕು. ಹೊಸಬರು ಮೊದಲು ಮುಗ್ಗರಿಸುವುದೂ ಅಲ್ಲಿಯೇ.

ಸರ್ಟಿಫಿಕೇಟಿಗೂ ಟೋಕನ್ನಿಗೂ ‘ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ’ ಎಂಬ ಅವಧಿ ಇರುತ್ತದೆ. ಹಳೆಯ ಲ್ಯಾಬ್ ಯಂತ್ರದ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಸಿಆರ್ 2032 ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆಗ ಸರಿಯಾದ ಸರ್ಟಿಫಿಕೇಟನ್ನೂ ಯಂತ್ರ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ತಳ್ಳಿಬಿಡುತ್ತದೆ. ಪರದೆಯ ಮೇಲೆ ಕಾಣುವುದು ಅನುಮತಿಯ ದೋಷ, ಕಾರಣ ಮಾತ್ರ ಒಂದು ಪುಟ್ಟ ಬ್ಯಾಟರಿ. ಮಲೆನಾಡಿನ ಮಳೆಗಾಲದ ಕರೆಂಟಿಗೆ ಇದು ಅಪರೂಪವೇನಲ್ಲ. ಶಿಬಿರಕ್ಕೆ ಮುಂಚೆಯೇ ಬ್ಯಾಟರಿ ಬದಲಿಸಿ, ಎಲ್ಲ ಯಂತ್ರಗಳೂ ನೆಟ್‌ವರ್ಕಿನಲ್ಲಿ ಸರಿಯಾದ ಹೊತ್ತು ತಿಳಿಸುವ ಒಂದೇ ಎನ್‌ಟಿಪಿ ಸರ್ವರಿನಿಂದ ಸಮಯ ಪಡೆಯುವಂತೆ ಮಾಡಿರಬೇಕು. ಒಂದು ಯಂತ್ರದ ಗಡಿಯಾರವನ್ನು ಮಾತ್ರ ಬೇಕೆಂದೇ ತಪ್ಪಿಸಿಟ್ಟು, ಏನಾಗಿದೆ ಹುಡುಕಿ ಎಂದು ತಜ್ಞರು ವಿದ್ಯಾರ್ಥಿಗಳನ್ನು ಬಿಡಲಿ.

ಯಾವ ತಂತ್ರಾಂಶ ಕಲಿಸಬೇಕು ಎಂಬುದರಲ್ಲೂ ಎಚ್ಚರ ಬೇಕು. ಹಿಂದೆ ಗ್ರಿಡ್ ಕಟ್ಟಲು ಬಳಸುತ್ತಿದ್ದ ಗ್ಲೋಬಸ್ ಟೂಲ್‌ಕಿಟ್‌ಗೆ ಅದನ್ನು ರೂಪಿಸಿದವರ ಬೆಂಬಲ 2018ರ ಜನವರಿಯಲ್ಲೇ ನಿಂತಿದೆ. ಮೂರು ದಿನ ಅದನ್ನು ಇನ್‌ಸ್ಟಾಲ್ ಮಾಡಿಸುವುದರಲ್ಲಿ ಫಲವಿಲ್ಲ, ಇತಿಹಾಸವಾಗಿ ಅರ್ಧ ಗಂಟೆ ಹೇಳಿದರೆ ಸಾಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ‘ಕಾಂಡರ್’ ಎಂದು ಹುಟ್ಟಿ, 2012ರಿಂದ ಎಚ್‌ಟಿಕಾಂಡರ್ ಎನಿಸಿಕೊಂಡಿರುವ, ಜಾಬ್‌ಗಳನ್ನು ಯಂತ್ರಗಳಿಗೆ ಹಂಚುವ ತಂತ್ರಾಂಶ ಉಚಿತ. ಅದು ಇಂದಿಗೂ ಬಳಕೆಯಲ್ಲಿದೆ, ನಮ್ಮ ಲ್ಯಾಬಿನ ಸಾಮಾನ್ಯ ಕಂಪ್ಯೂಟರುಗಳಲ್ಲೇ ಓಡುತ್ತದೆ. ಒಂದು ಯಂತ್ರ ಮೇಸ್ತ್ರಿ, ಇನ್ನೊಂದರಿಂದ ಜಾಬ್ ಕಳಿಸುವುದು, ಉಳಿದವೆಲ್ಲ ಆಳುಗಳು. ಹೀಗೆ ಜೋಡಿಸಿದ ಯಂತ್ರಗಳ ಗುಂಪೇ ಪೂಲ್. ಎಲ್ಲ ಕಡೆ ಪೂಲ್ ಪಾಸ್‌ವರ್ಡ್ ಒಂದೇ ಇರಬೇಕು, ನೆಟ್‌ವರ್ಕಿನ ಕಾವಲುಗಾರನಾದ ಫೈರ್‌ವಾಲ್‌ನಲ್ಲಿ 9618ನೇ ಪೋರ್ಟ್ ಎಂಬ ಬಾಗಿಲು ತೆರೆದಿರಬೇಕು. ಇಷ್ಟು ಸರಿಯಿದ್ದರೆ ಪೂಲ್ ಕಟ್ಟುವುದು ಒಂದು ಮಧ್ಯಾಹ್ನದ ಕೆಲಸ.

ಸರಿಯಿಲ್ಲದಿರುವುದೇ ಹೆಚ್ಚು. ಲ್ಯಾಬಿನ ಯಂತ್ರಗಳನ್ನು ಸಾಮಾನ್ಯವಾಗಿ ಒಂದೇ ಡಿಸ್ಕಿನಿಂದ ಕ್ಲೋನ್ (ಯಥಾವತ್ ನಕಲು) ಮಾಡಿರುತ್ತಾರೆ. ಹಾಗಾಗಿ ಹತ್ತು ಯಂತ್ರಕ್ಕೂ ಒಂದೇ ಹೆಸರು, ಯಾವುದು ಕೆಟ್ಟಿದೆ ಎಂದು ತಿಳಿಯುವುದೇ ಇಲ್ಲ. ಮೊದಲು ಹೆಸರು ಬದಲಿಸಿ, ಆ ಹೆಸರಿಗೆ ನಿಜವಾದ ವಿಳಾಸ ಕೊಡಬೇಕು. ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವ, 127ರಿಂದ ಶುರುವಾಗುವ ಒಳವಿಳಾಸಕ್ಕೆ ಹೆಸರು ಅಂಟಿಕೊಂಡಿದ್ದರೆ ಹೊರಗಿನಿಂದ ಕರೆದರೆ ಓಗೊಡುವುದಿಲ್ಲ. ವಿಂಡೋಸ್‌ನಲ್ಲಿ ಬರೆದು ಲಿನಕ್ಸ್‌ಗೆ ತಂದ ಸ್ಕ್ರಿಪ್ಟಿನ (ಆದೇಶಗಳನ್ನು ಸಾಲಾಗಿ ಬರೆದ ಫೈಲ್) ಪ್ರತಿ ಸಾಲಿನ ಕೊನೆಯಲ್ಲೂ ಕಣ್ಣಿಗೆ ಕಾಣದ ಒಂದು ಅಕ್ಷರ ಉಳಿದಿರುತ್ತದೆ. ಫೈಲ್ ಎದುರಿಗೇ ಇದ್ದರೂ ‘ಅಂಥ ಫೈಲ್ ಇಲ್ಲ’ ಎಂಬ ಉತ್ತರ ಬರುತ್ತದೆ. ‘ಡಾಸ್ ಟು ಯೂನಿಕ್ಸ್’ ಎಂಬ ಪುಟ್ಟ ತಂತ್ರಾಂಶ ಆ ಅಕ್ಷರವನ್ನು ಕ್ಷಣದಲ್ಲಿ ತೆಗೆಯುತ್ತದೆ, ಗೊತ್ತಿಲ್ಲದವರಿಗೆ ಇಡೀ ದಿನ ಹಿಡಿಯುತ್ತದೆ.

ಇನ್ನೊಂದು ತೊಡಕು ಸದ್ದೇ ಮಾಡುವುದಿಲ್ಲ. 8 ಜಿಬಿ ಮೆಮೊರಿಯ ಯಂತ್ರಗಳ ಪೂಲ್‌ಗೆ 16 ಜಿಬಿ ಬೇಕೆಂದು ಜಾಬ್ ಕಳಿಸಿದರೆ ದೋಷವೇ ತೋರುವುದಿಲ್ಲ, ಜಾಬ್ ಕ್ಯೂನಲ್ಲಿ ಸುಮ್ಮನೆ ಕೂತಿರುತ್ತದೆ. ಕ್ಯೂ ನೋಡುವ ಆದೇಶಕ್ಕೆ ‘ಬೆಟರ್ ಅನಲೈಜ್’ ಸೇರಿಸಿದರೆ ಯಾವ ಷರತ್ತಿಗೆ ಎಷ್ಟು ಯಂತ್ರ ಹೊಂದುತ್ತದೆ ಎಂದು ಬಿಡಿಸಿ ಹೇಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಶಿಬಿರದಲ್ಲಿ ಒಂದೇ ಆದೇಶ ಕಲಿಯಬೇಕೆಂದರೆ ಅದು ಇದೇ.

ಲೆಕ್ಕವನ್ನೂ ಬೋರ್ಡಿನ ಮೇಲೆ ಹಾಕಿಸಬೇಕು. ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ. ತಲಾ 4 ಕೋರ್‌ನ 30 ಯಂತ್ರ ಎಂದರೆ 120 ಕೋರ್. ತಲಾ 20 ನಿಮಿಷದ 600 ಜಾಬ್‌ಗಳು ಒಂದೇ ಕೋರ್‌ನಲ್ಲಿ 200 ಗಂಟೆ, ಒಂದು ಯಂತ್ರದ ನಾಲ್ಕೂ ಕೋರ್ ಬಳಸಿದರೆ 50 ಗಂಟೆ, ಪೂಲ್‌ನಲ್ಲಿ 100 ನಿಮಿಷ. ಇದು ಕಾಗದದ ಲೆಕ್ಕ. ಪ್ರತಿ ಜಾಬ್ ತನ್ನೊಂದಿಗೆ 500 ಎಂಬಿ ಫೈಲ್ ಹೊತ್ತು ಹೋಗುವುದಾದರೆ ಒಟ್ಟು 300 ಜಿಬಿ. ಕಳಿಸುವ ಯಂತ್ರದ ನೆಟ್‌ವರ್ಕ್ ಕೊಂಡಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ, ಅಂದರೆ ಸಾಗಣೆಗೇ 6 ಗಂಟೆ 40 ನಿಮಿಷ. ಆಳುಗಳೆಲ್ಲ ಸಸಿಗಾಗಿ ಬದುವಿನ ಮೇಲೆ ಕಾದು ನಿಂತಂತೆ. ಹತ್ತು ಪಟ್ಟು ವೇಗದ ಗಿಗಾಬಿಟ್ ಸ್ವಿಚ್ ಇದ್ದರೆ 40 ನಿಮಿಷ. ಆದರೆ ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೊತೆ ತಂತಿ ಬೇಕು, 100 ಎಂಬಿಪಿಎಸ್‌ಗೆ ಎರಡು ಜೊತೆ ಸಾಕು. ಉಳಿದೆರಡು ಜೊತೆಯಲ್ಲಿ ಒಂದು ತಂತಿ ತುದಿಯಲ್ಲಿ ಸರಿಯಾಗಿ ಕೂರದಿದ್ದರೂ ವೇಗ ಸದ್ದಿಲ್ಲದೆ ಹತ್ತನೇ ಒಂದಕ್ಕೆ ಇಳಿಯಬಹುದು. ನೆಟ್‌ವರ್ಕ್ ನಡೆಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಜಾಬ್‌ನ ಉದ್ದದ ಮಾತು. ಎಂಟು ಗಂಟೆಯ ಒಂದೇ ಜಾಬ್ ಏಳನೇ ಗಂಟೆಯಲ್ಲಿ ಕರೆಂಟ್ ಹೋದರೆ ಪೂರ್ತಿ ನಷ್ಟ. ಐದು ಸೆಕೆಂಡಿನ ಜಾಬ್ ಆದರೆ ಕೆಲಸಕ್ಕಿಂತ ಹಂಚಿಕೆಗೇ ಹೆಚ್ಚು ಹೊತ್ತು. 20 ನಿಮಿಷದಿಂದ ಅರ್ಧ ಗಂಟೆಯ ತುಂಡುಗಳು ನಮ್ಮ ಊರಿಗೆ ಸರಿ.

ಅಭ್ಯಾಸಕ್ಕೆ ಇಲ್ಲಿಯದೇ ಸಮಸ್ಯೆ ಕೊಡಿ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವ ರೂಢಿ ಇದೆ. ಅದನ್ನು ಕೇಳಿ ಪಡೆದು, ಕಾಫಿ ಹೂ ಅರಳಿಸುವ ಹೂಮಳೆ ಮಾರ್ಚ್ ನಡುವಿನೊಳಗೆ ಬರುವ ಸಾಧ್ಯತೆ ಎಷ್ಟು ಎಂದು ಸಾವಿರಾರು ಕೃತಕ ವರ್ಷಗಳನ್ನು ಸೃಷ್ಟಿಸಿ ಅಂದಾಜಿಸಬಹುದು. ಒಂದರ ಉತ್ತರ ಇನ್ನೊಂದಕ್ಕೆ ಬೇಕಿಲ್ಲದ ಇಂಥ ಲೆಕ್ಕವೇ ಗ್ರಿಡ್‌ಗೆ ಹೇಳಿ ಮಾಡಿಸಿದ್ದು. ಇಲ್ಲೂ ಕಲಿಯುವುದು ಬಹಳ. ಪ್ಲಾಂಟರುಗಳು ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಾರೆ, 1 ಸೆಂಟ್ ಎಂದರೆ 0.254 ಮಿ.ಮೀ. ಬರೆಯದೆ ಬಿಟ್ಟ ದಿನವನ್ನು ಸೊನ್ನೆ ಎಂದು ತುಂಬಿದರೆ ಮಳೆ ಬಂದ ದಿನವೂ ಒಣದಿನವಾಗುತ್ತದೆ. ಎಲ್ಲ ಜಾಬ್‌ಗಳೂ ಯಾದೃಚ್ಛಿಕ ಸಂಖ್ಯೆಗೆ ಒಂದೇ ಬೀಜ (ಲೆಕ್ಕ ಶುರುವಾಗುವ ಮೊದಲ ಸಂಖ್ಯೆ) ಬಳಸಿದರೆ ಒಂದೇ ಉತ್ತರ 600 ಸಲ ಬರುತ್ತದೆ, ಅದನ್ನು ನೋಡಿ ‘ಎಷ್ಟು ನಿಖರ!’ ಎಂದು ಹಿಗ್ಗುವವರೂ ಇದ್ದಾರೆ. ಗಡಿಯಾರದ ಸೆಕೆಂಡನ್ನು ಬೀಜ ಮಾಡಿದರೂ ಒಟ್ಟಿಗೆ ಹೊರಟ ಜಾಬ್‌ಗಳಿಗೆ ಅದೇ ಗತಿ. ಜಾಬ್‌ನ ಕ್ರಮಸಂಖ್ಯೆಯನ್ನೇ ಬೀಜವಾಗಿ ಕೊಡಬೇಕು. ಸರಾಸರಿ ತೆಗೆಯುವ ಮುಂಚೆ ಫಲಿತಾಂಶದ ಫೈಲುಗಳನ್ನು ಎಣಿಸಬೇಕು. 600 ಕಳಿಸಿ 583 ಬಂದಿದ್ದರೆ, ಕಾಣೆಯಾದ 17 ಯಾವುವು ಎಂದು ಗೊತ್ತಾಗುವವರೆಗೆ ಮುಂದೆ ಹೋಗಬಾರದು.

ತಜ್ಞರಿಗೆ ನಮ್ಮ ಕೋರಿಕೆ ಇಷ್ಟು: ಮೊದಲ ದಿನ ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಲ್ಯಾಬ್. ಇಬ್ಬರಿಗೊಂದು ಯಂತ್ರ. ನಾಲ್ಕನೇ ದಿನ ಇಡೀ ಪೂಲನ್ನು ನೀವೇ ನಾಲ್ಕಾರು ಕಡೆ ಕೆಡಿಸಿಟ್ಟು, ನಡೆದುದನ್ನು ಯಂತ್ರ ಬರೆದಿಡುವ ಲಾಗ್ ಫೈಲ್ ಓದಿಸಿ ಸರಿ ಮಾಡಿಸಿ. ಒಂದು ಒಳ್ಳೆಯ ಯಂತ್ರವೇ ಮಾಡಿ ಮುಗಿಸುವ ಕೆಲಸಕ್ಕೆ ಗ್ರಿಡ್ ಬೇಡ ಎಂಬುದನ್ನೂ ಬಾಯಿಬಿಟ್ಟು ಹೇಳಿ.

ಕಾಲೇಜುಗಳಿಗೂ ಒಂದು ಮಾತು. ಲ್ಯಾಬ್ ನೋಡಿಕೊಳ್ಳುವ ಸಿಬ್ಬಂದಿಯನ್ನು ಶಿಬಿರದಲ್ಲಿ ಕೂರಿಸಿ, ಚಹಾ ವ್ಯವಸ್ಥೆಗೆ ಓಡಾಡಿಸಬೇಡಿ. ಮುಗಿದ ಮರುದಿನವೇ ಯಂತ್ರಗಳನ್ನು ಫಾರ್ಮ್ಯಾಟ್ ಮಾಡಬೇಡಿ. ಕೀಬೋರ್ಡ್ ಮುಟ್ಟದೆ 15 ನಿಮಿಷವಾದ ಮೇಲಷ್ಟೇ ಜಾಬ್ ಹಿಡಿಯುವಂತೆ ಹೊಂದಿಸಿದರೆ ದಿನದ ತರಗತಿಗೆ ತೊಂದರೆಯಿಲ್ಲ. ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ, ಯಂತ್ರಕ್ಕೆ 100 ವ್ಯಾಟ್‌ನಂತೆ 30 ಯಂತ್ರ ಓಡಿದರೆ ರಾತ್ರಿಗೆ 42 ಯೂನಿಟ್ ವಿದ್ಯುತ್. ಆ ಬಿಲ್ಲು ಯಾವ ವಿಭಾಗದ ಲೆಕ್ಕಕ್ಕೆ ಎಂದು ಶಿಬಿರದ ಆಹ್ವಾನ ಪತ್ರ ಅಚ್ಚಾಗುವ ಮುಂಚೆಯೇ ತೀರ್ಮಾನವಾಗಿರಲಿ.

– ಕಂಪ್ಯೂಟರ್ ಲ್ಯಾಬ್ ಬೋಧಕರು, ಹಾಸನ